ರೊಪ್ಪದಲ್ಲಿ ಕಿತ್ತ ಹಲ್ಲು

ಚಿತ್ತಯ್ಯ ಸತ್ತು ಎರಡು ಮುಂಗಾರು ಕಳೆದವು. ಮುದ್ದಣ್ಣನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹಿರೇಗುಂಟನೂರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತಾಗ ಯಾರಾದರೂ ಕುರಿ, ಉಣ್ಣೆ ಅಂತ ಬಾಯಿ ಬಿಟ್ಟರೆ ಸಾಕು, ಶುರು ಹಚ್ಚಿಕೊಳ್ಳುತ್ತಾನೆ.

"ನಮ್ಮ ಭಾವ ನನಗೆ ಒಂದು ದಿನದ ಮುಯ್ಯಿ ಉಳಿಸ್ಕಂಡೇ ಹೋದ ಕಣ್ರಲೇ. ಬೆಳಗಿಂದ ಬೈಗಿನ ತನಕ ಬೆನ್ನು ಬಗ್ಗಿಸಿ ಅವನ ಕುರಿ ಉಣ್ಣೆ ಕತ್ತರಿಸಿದ್ದೆ ನಾನು. ನನ್ನ ಕುರಿ ರೊಪ್ಪದ ಕಡೆ ತಲೆ ಹಾಕಿ ಮಲಗಲಿಲ್ಲ ಪುಣ್ಯಾತ್ಮ."

ಸತ್ತವರನ್ನ ಯಾಕಪ್ಪ ಆಡ್ಕಳ್ತೀಯ ಅಂತ ಯಾರಾದರೂ ಅಂದರೆ ಅವರ ಮೇಲೂ ಹರಿಹಾಯುತ್ತಾನೆ. ಹಾಗಾಗಿ ಯಾರೂ ಏನೂ ಅನ್ನುವುದಿಲ್ಲ. ಟೀ ಕುಡಿದು, ಲೋಟ ಇಟ್ಟು, ಮೆಲ್ಲಗೆ ಬೆಂಚಿನ ಆ ತುದಿಗೆ ಸರಿಯುತ್ತಾರೆ.

ಕುರಿಯವರಲ್ಲಿ ಮುಯ್ಯಿ ಅಂದರೆ ಹುಡುಗಾಟವಲ್ಲ. ಮಳೆ ಹಿಡಿಯುವ ಮುಂಚೆ ಕುರಿಗಳ ಉಣ್ಣೆ ಇಳಿಸಬೇಕು. ಇಳಿಸದಿದ್ದರೆ ನೆಂದ ಉಣ್ಣೆ ಮೈಮೇಲೇ ಮುದ್ದೆಗಟ್ಟಿ, ಚರ್ಮ ಕೊಳೆತು, ಎಳೆಯವು ನಡುಗಿ ಸಾಯುತ್ತವೆ. ಒಂದು ಮಂದೆಯನ್ನ ಒಬ್ಬನೇ ಕತ್ತರಿಸಿ ಮುಗಿಸಲಾರ. ಅದಕ್ಕೇ ಇವತ್ತು ಎಲ್ಲರೂ ನನ್ನ ರೊಪ್ಪಕ್ಕೆ, ನಾಳೆ ಎಲ್ಲರೂ ನಿನ್ನ ರೊಪ್ಪಕ್ಕೆ. ಕೂಲಿ ಕೊಡುವ ಹಾಗಿಲ್ಲ, ತಗೊಳ್ಳುವ ಹಾಗಿಲ್ಲ. ಕೈ ಕೊಟ್ಟವನಿಗೆ ಕೈಯನ್ನೇ ತಿರುಗಿ ಕೊಡಬೇಕು. ಕೊಡದವನ ರೊಪ್ಪದಲ್ಲಿ ಮುಂದಿನ ವರ್ಷ ಕತ್ತರಿಯ ಸದ್ದು ಕೇಳುವುದಿಲ್ಲ.

ಮುದ್ದಣ್ಣ ಇಂಥ ಪದ್ಧತಿಗಳನ್ನು ಕಲಿತದ್ದು ಕುರಿಗಳ ಹಿಂದೆ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದರು ಅಂತ ಸ್ಲೇಟನ್ನು ಅವರ ಕಾಲಿಗೆ ಬೀಸಿ ಓಡಿಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ಅಪ್ಪ ಬಡಿದ, ಆಮೇಲೆ ಕೈಗೆ ಕೋಲು ಕೊಟ್ಟು ಮಂದೆಗೆ ಅಟ್ಟಿದ. ಅಲ್ಲಿಂದ ಅವನ ಓದೆಲ್ಲ ಕುರಿಯ ಬಾಯೊಳಗೆ. ಸಂತೆಯಲ್ಲಿ ಕುರಿಯ ಕೆಳತುಟಿ ಇಳಿಸಿ, ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದ್ದು, ಮುದಿಯದು ಅಂತ ಒಂದೇ ನೋಟಕ್ಕೆ ವಯಸ್ಸು ಹೇಳುತ್ತಿದ್ದ. ಮುದಿಗುರಿಯ ಹಲ್ಲು ಅಲ್ಲಾಡಿ ಮೇವು ಬಿಟ್ಟರೆ, ಗೊರಸು ಕತ್ತರಿಸುವ ಇಕ್ಕಳದಿಂದಲೇ ಆ ಹಲ್ಲು ಎಳೆದು ಬಿಸಾಡುತ್ತಿದ್ದ. ಮಾರನೇ ದಿನ ಕುರಿ ವಸಡಿನಲ್ಲೇ ಹುಲ್ಲು ಕೀಳುತ್ತಿತ್ತು. ಇದು ತನ್ನದೇ ವಿದ್ಯೆ ಅಂತ ಅವನಿಗೆ ಭಾರೀ ಜಂಬ. ಹೆಂಡತಿ ಕಾಟಮ್ಮ ಒಮ್ಮೆ, "ಅದೂ ಜೀವ ಅಲ್ವಾ, ಒಂಚೂರು ಮೆತ್ತಗೆ ಹಿಡೀರಿ" ಅಂದದ್ದಕ್ಕೆ ಉಣ್ಣುತ್ತಿದ್ದ ತಣಿಗೆಯನ್ನು ಅವಳ ಕಡೆ ಬೀಸಿದ್ದ. ಅವಳ ಹುಬ್ಬಿನ ಮೇಲೆ ಆ ಗುರುತು ಈಗಲೂ ಐತೆ.

ಚಿತ್ತಯ್ಯ ಇವನ ಅಕ್ಕ ಯಲ್ಲಕ್ಕನ ಗಂಡ. ಮೆತ್ತಗಿನ ಮನುಷ್ಯ. ಚಿಕ್ಕವನಿದ್ದಾಗ ಕೀಲುಗಳೆಲ್ಲ ಬಾತು ಜ್ವರ ಬಂದು, ಆ ಜ್ವರ ಹೃದಯದ ಕವಾಟವನ್ನು ಕೆಡಿಸಿ ಹೋಗಿತ್ತಂತೆ. ಗುಡ್ಡ ಹತ್ತುವಾಗ ನಡುವೆ ಕೂತು ದಣಿವಾರಿಸಿಕೊಳ್ಳುತ್ತಿದ್ದ. ಆದರೆ ಕತ್ತರಿ ಹಿಡಿದನೋ, ಸುತ್ತ ಏಳು ಹಳ್ಳಿಯಲ್ಲಿ ಅವನ ಕೈಗೆ ಸಮ ಇರಲಿಲ್ಲ. ಉಣ್ಣೆ ಒಂದೇ ಕಂಬಳಿಯ ಹಾಗೆ ಬಿಚ್ಚಿಕೊಂಡು ಬರುತ್ತಿತ್ತು, ಕುರಿಯ ಮೈಮೇಲೆ ಒಂದು ಗೀರು ಬೀಳುತ್ತಿರಲಿಲ್ಲ.

ಅವನಲ್ಲಿದ್ದ ಕೊರತೆ ಅಂದರೆ ಬಾಯಿ. ಕೆನ್ನೆಯಲ್ಲಿ ಸದಾ ಹೊಗೆಸೊಪ್ಪಿನ ಉಂಡೆ. ದವಡೆ ಹಲ್ಲುಗಳು ಸುಟ್ಟ ಕೊರಡಿನ ಹಾಗೆ ಕಪ್ಪು. ಬೇವಿನ ಕಡ್ಡಿ ಹಾಕಿದರೆ ವಸಡಿನಿಂದ ರಕ್ತ, ರಕ್ತ ಬರುತ್ತದೆ ಅಂತ ಕಡ್ಡಿ ಹಾಕುವುದನ್ನೇ ಬಿಟ್ಟಿದ್ದ. ಮದುವೆ ಮನೆ ಪಂಕ್ತಿಯಲ್ಲಿ ಅವನ ಎರಡು ಪಕ್ಕದ ಎಲೆಗಳೂ ಖಾಲಿ ಉಳಿಯುತ್ತಿದ್ದವು.

ಭಾವ ಅಂದಮೇಲೆ ಆಡಿಕೊಳ್ಳಲು ಬಾಮೈದನಿಗೆ ಹಕ್ಕುಂಟಲ್ಲ. ಮುದ್ದಣ್ಣ ಆ ಹಕ್ಕನ್ನು ಒಂದು ದಿನವೂ ದಂಡ ಮಾಡಲಿಲ್ಲ. "ಭಾವ, ನೀನು ಆಕಳಿಸಬ್ಯಾಡಪ್ಪ, ಗುಡ್ಡದ ಮೇಲಿನ ಗಾಳಿಫ್ಯಾನು ಹಿಂದಕ್ಕೆ ತಿರುಗ್ತವೆ." "ಭಾವ ಬಂದ್ರು, ನೋಡ್ರಲೇ, ಬೇಲಿ ಸಾಲಾಗೆ ಏನೋ ಸತ್ತೈತೆ." "ಗಾಳಿ ಆ ಕಡೆಯಿಂದ ಬೀಸ್ತೈತೆ, ನೀನು ಈ ಕಡೆ ಕುಂತ್ಕಾ." ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಚಿತ್ತಯ್ಯನೂ ನಗುತ್ತಿದ್ದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಚಿತ್ತಯ್ಯ ಸತ್ತ ವರ್ಷ ಅವನ ರೊಪ್ಪದಲ್ಲಿ ಉಣ್ಣೆ ಕತ್ತರಿಸಿದ ಮೂರನೇ ದಿನಕ್ಕೆ ಮುದ್ದಣ್ಣನ ಸರದಿ ಇತ್ತು. ಮುದ್ದಣ್ಣ ಹೊತ್ತು ಮೂಡುವ ಮುಂಚೆಯೇ ಭಾವನ ರೊಪ್ಪದಲ್ಲಿ ಕಂಬಳಿ ಹಾಸಿ ಕೂತ. ಕೆಲಸ ಅಂದರೆ ಅವನು ಕಳ್ಳಬೀಳುವವನಲ್ಲ, ಆ ಮಾತು ಒಪ್ಪಬೇಕು. ಆದರೆ ಚಿತ್ತಯ್ಯನ ಕೈ ಓಡುತ್ತಿರಲಿಲ್ಲ. ಎಡ ದವಡೆ ಬದನೆಕಾಯಿ ಹಾಗೆ ಊದಿತ್ತು. ಒಂದು ಕುರಿ ಮುಗಿಸಿ ಕಣ್ಣು ಮುಚ್ಚಿ ಕೂರುತ್ತಿದ್ದ.

ಅಡಿಗೆ ಒಲೆ ಮುಂದಿದ್ದ ಯಲ್ಲಕ್ಕ, "ದುರ್ಗದ ಹಲ್ಲಿನ ಆಸ್ಪತ್ರೆಗೆ ಹೋಗಾಣ ಅಂತ ತಿಂಗಳಿಂದ ಹೇಳ್ತಾ ಇದೀನಿ. ಉಣ್ಣೆ ಆಗ್ಲಿ, ಮುದ್ದನ ಮುಯ್ಯಿ ತೀರ್ಲಿ, ಆಮೇಲೆ ಅಂತಾನೆ ಈ ಮನುಷ್ಯ" ಅಂದಳು.

ಮುದ್ದಣ್ಣನಿಗೆ ಅಲ್ಲಿ ತಲೆಗೆ ಹೊಕ್ಕಿತು. ಈ ದವಡೆ ಇಟ್ಟುಕೊಂಡು ಇವನು ನಾಡಿದ್ದು ನನ್ನ ರೊಪ್ಪಕ್ಕೆ ಬಂದರೆ ಹತ್ತು ಕುರಿಯೂ ಮುಗಿಯುವುದಿಲ್ಲ. ಮೋಡ ನೋಡಿದರೆ ಗುಡ್ಡದ ಮೇಲೇ ಕೂತಿತ್ತು.

"ಆಸ್ಪತ್ರೆ ಯಾಕಕ್ಕ? ನಾನಿಲ್ವಾ?" ಅಂತ ಎದ್ದು ಗೊರಸಿನ ಇಕ್ಕಳ ತಂದ.

"ಲೇ ಮುದ್ದ, ತಮಾಷೆ ಸಾಕು" ಅಂದ ಚಿತ್ತಯ್ಯ.

"ತಮಾಷೆ ಅಲ್ಲ ಭಾವ. ಅಲ್ಲಾಡೋ ಹಲ್ಲು ಇಟ್ಕಂಡು ಏನ್ ಮಾಡ್ತೀಯ? ನಮ್ಮ ಮುದಿಗುರಿಗಳನ್ನ ಕೇಳು, ಎಷ್ಟು ಸುಖ ಐತೆ ಅಂತ."

ರೊಪ್ಪವೆಲ್ಲ ಗೊಳ್ಳೆಂದಿತು. ಯಾರೋ ಇಬ್ಬರು ಚಿತ್ತಯ್ಯನ ತೋಳು ಹಿಡಿದರು. ಮತ್ತೊಬ್ಬ ಕುರಿ ಕಟ್ಟುವ ಹಗ್ಗದಲ್ಲಿ ಕಾಲೆರಡನ್ನೂ ಸೇರಿಸಿ, ಕುರಿಗೆ ಹಾಕುವ ಗಂಟನ್ನೇ ಹಾಕಿದ. ಚಿತ್ತಯ್ಯನ ಸ್ವಂತ ತಮ್ಮ ರಂಗಸ್ವಾಮಿ ಮೊಬೈಲು ಹಿಡಿದು ವಿಡಿಯೋ ಮಾಡುತ್ತ, "ಅಣ್ಣ, ಒಂದ್ಸಲ ಬ್ಯಾ ಅನ್ನು" ಅಂದ.

"ಬ್ಯಾಡ್ರೋ! ನನಗೆ ಹಾರ್ಟಿನ ವಾಲ್ವು ಸರಿ ಇಲ್ಲ. ಹಲ್ಲು ಕೀಳಿಸೋ ಮುಂಚೆ ಮಾತ್ರೆ ನುಂಗ್ಬೇಕು ಅಂತ ಡಾಕ್ಟ್ರು ಹೇಳವ್ರೆ. ದೇವರ ಆಣೆಗೂ ಹೇಳವ್ರೆ!"

"ಹಲ್ಲಿರೋದು ಬಾಯಾಗೆ, ಹಾರ್ಟಿರೋದು ಎದ್ಯಾಗೆ. ಎರಡಕ್ಕೂ ಏನ್ ಬೀಗತನ ಭಾವ?" ಅಂತ ಮುದ್ದಣ್ಣ ಅವನ ಎದೆಯ ಮೇಲೆ ಮೊಣಕಾಲು ಊರಿದ.

ಯಲ್ಲಕ್ಕ ಸೌಟು ಹಿಡಿದೇ ಓಡಿಬಂದಳು. "ಬಿಡ್ರೋ, ಬಿಡ್ರೋ ಅವರನ್ನ" ಅಂತ ತಮ್ಮನ ಬೆನ್ನಿಗೆ ಬಾರಿಸಿದಳು. ಅದನ್ನು ಕಂಡು ಇನ್ನಷ್ಟು ನಗೆ. ಮೊದಲನೆಯ ಎಳೆತಕ್ಕೆ ಹಲ್ಲು ಅರ್ಧಕ್ಕೆ ಮುರಿಯಿತು. ಇಕ್ಕಳ ಒಳಗೆ ತೂರಿಸಿ ಬೇರು ಹುಡುಕಬೇಕಾಯಿತು. ಪಕ್ಕದ್ದೂ ಅಲ್ಲಾಡುತ್ತಿತ್ತು, ಅದನ್ನೂ ಕಿತ್ತ. ಕೀವು, ರಕ್ತ ಎರಡೂ ಕೂಡಿ ಗದ್ದದಿಂದ ಇಳಿಯಿತು. ಆ ನಾತಕ್ಕೆ ತೋಳು ಹಿಡಿದವರೇ ಮುಖ ತಿರುಗಿಸಿದರು. ಗುಂಡಿಯೊಳಗೆ ಉಪ್ಪು, ಹೊಗೆಸೊಪ್ಪು ತುರುಕಿ, ಇಕ್ಕಳವನ್ನು ಕುರಿಯ ಬೆನ್ನಿಗೆ ಒರೆಸಿ ಮುದ್ದಣ್ಣ ಮೇಲೆದ್ದ.

ಬೈಗಿನ ಹೊತ್ತಿಗೆ ಊತ ಇಳಿಯಿತು. ಚಿತ್ತಯ್ಯ ಬಾಡಿನ ಸಾರಲ್ಲಿ ಮುದ್ದೆ ನೆನೆಸಿ ಉಂಡ. "ನೋವು ಹೋತು ಕಣೋ ಮುದ್ದಣ್ಣ" ಅಂತ ತಾನೇ ಬಾಯಿಬಿಟ್ಟು ಹೇಳಿದ. ಮುದ್ದಣ್ಣ ಮೀಸೆ ತಿರುವಿ, "ನಾಡಿದ್ದು ಹೊತ್ತು ಮೂಡೋ ಮುಂಚೆ ಬಾ" ಅಂದ.

ಚಿತ್ತಯ್ಯ ಬರಲಿಲ್ಲ.

ಮುದ್ದಣ್ಣನ ರೊಪ್ಪದಲ್ಲಿ ಅವನಿಗೆ ಅಂತ ಹಾಸಿದ ಕಂಬಳಿ ಖಾಲಿ ಉಳಿಯಿತು. ಮಧ್ಯಾಹ್ನದ ಮೇಲೆ ಮಳೆ ಹಿಡಿಯಿತು. ಕತ್ತರಿಸದೆ ಉಳಿದ ಕುರಿಗಳು ತೊಯ್ದು ತೊಪ್ಪೆಯಾದವು, ಮುಂದಿನ ವಾರದಲ್ಲಿ ಅವುಗಳಲ್ಲಿ ಕೆಲವು ಕೆಮ್ಮಿ ಸತ್ತವು. ಆ ದಿನ ಮುದ್ದಣ್ಣ ಮಳೆಯಲ್ಲೇ ಅಕ್ಕನ ಮನೆಗೆ ನುಗ್ಗಿದ. ಚಿತ್ತಯ್ಯ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದ.

"ಏನ್ ನಾಟಕ ಇದು?" ಅಂತ ಎರಡೂ ಕಂಬಳಿ ಕಿತ್ತೆಸೆದ ಮುದ್ದಣ್ಣ. "ನನ್ನ ಕೈ ತಗಂಡವನಿಗೆ ಕೈ ಕೊಡೋ ದಿನ ಬಂದಾಗ ಜ್ವರ ಬಂತಾ?"

"ಲೇ, ಮೈ ಮುಟ್ಟಿ ನೋಡೋ, ಕೆಂಡ ಆಗೈತೆ" ಅಂದಳು ಯಲ್ಲಕ್ಕ.

"ಬರೋ ವಾರ ಬತ್ತೀನಿ ಮುದ್ದಣ್ಣ. ನಿನ್ನ ಮುಯ್ಯಿ ಉಳಿಸ್ಕಳಲ್ಲ" ಅಂದ ಚಿತ್ತಯ್ಯ, ಹಲ್ಲು ಕಟಕಟ ಅನ್ನುತ್ತ.

ಆ ವಾರ ಹೋಯಿತು, ಇನ್ನೊಂದು ವಾರ ಹೋಯಿತು. ಊರಿನಲ್ಲಿ ಸೂಜಿ ಹಾಕಿಸಿದರೆ ಜ್ವರ ಇಳಿಯುವುದು, ಸಂಜೆ ಮತ್ತೆ ಏರುವುದು. ಬೆವರಿಗೆ ಹಾಸಿಗೆ ತೊಯ್ಯುವುದು. ಚಿತ್ತಯ್ಯ ಬತ್ತಿ ಹೋದ. ಉಗುರುಗಳ ಅಡಿಯಲ್ಲಿ ಮುಳ್ಳು ಮುರಿದುಕೊಂಡ ಹಾಗೆ ಕಪ್ಪು ಗೆರೆಗಳು ಕಂಡವು, ಅಂಗಾಲಲ್ಲಿ ಕೆಂಪು ಚುಕ್ಕೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೊರಗಿ ಕೂತೇ ಇರುತ್ತಿದ್ದ. ದುರ್ಗಕ್ಕೆ ಬಸ್ಸಿನಲ್ಲಿ ಕರೆದೊಯ್ಯುವ ಹಾಗಿರಲಿಲ್ಲ. ಯಲ್ಲಕ್ಕ ತಮ್ಮನ ಮನೆಗೆ ಬಂದು ಅವನ ಲಗೇಜ್ ಆಟೋ ಕೇಳಿದಳು.

ಮುದ್ದಣ್ಣ ಆಟೋ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ಮೊದ್ಲು ಬಂದು ಮುಯ್ಯಿ ತೀರಿಸ್ಲಿ. ಆಮೇಲೆ ದುರ್ಗ ಯಾಕೆ, ಬೆಂಗ್ಳೂರಿಗೇ ಹೊತ್ಕಂಡು ಹೋಗ್ತೀನಿ."

"ಅವರು ಎದ್ದು ಬಚ್ಚಲಿಗೆ ಹೋಗಕ್ಕಾಗ್ತಿಲ್ವೋ, ಮುಯ್ಯಿ ಎಲ್ಲಿಂದ ತೀರಿಸ್ತಾರೆ?"

"ಉಣ್ಣಕ್ಕೆ ಆಗ್ತೈತಲ್ಲ?"

ಕಾಟಮ್ಮ ಒಳಗಿನಿಂದ ಬೀಗದ ಕೈ ತಂದು ಅತ್ತಿಗೆಯ ಕೈಗೆ ಕೊಡಲು ಹೋದಳು. ಮುದ್ದಣ್ಣ ಅದನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಯಲ್ಲಕ್ಕ ಹೊರಟುಹೋದಳು.

ಆಮೇಲೆ ಒಂದು ಬೆಳಗ್ಗೆ ಚಿತ್ತಯ್ಯ ರೊಟ್ಟಿ ಬಾಯಿಗಿಟ್ಟ. ರೊಟ್ಟಿ ಬಾಯಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಕಟ್ಟಿಗೆಯ ಹಾಗೆ ನೇತಾಡುತ್ತಿತ್ತು. ಮಾತು ನಿಂತುಹೋಗಿತ್ತು. ರಂಗಸ್ವಾಮಿ ಓಡಿಬಂದು ಹೇಳಿದಾಗ ಮುದ್ದಣ್ಣ ಈ ಸಲ ಬೀಗದ ಕೈ ಹುಡುಕಿದ. ಆಟೋದಲ್ಲಿ ಉಣ್ಣೆ ತುಂಬುವ ಚೀಲಗಳ ಮೇಲೆ ಭಾವನನ್ನು ಮಲಗಿಸಿಕೊಂಡು ಹೋದರು.

ದುರ್ಗದ ಆಸ್ಪತ್ರೆಯಲ್ಲಿ ನೋಡಿದವರು ಬೃಂದಾ ಅನ್ನುವ ಡಾಕ್ಟರಮ್ಮ. ಎದೆಯ ಮೇಲೆ ಯಂತ್ರ ಆಡಿಸಿ, ರಕ್ತ ತೆಗೆಸಿ, ಎಲ್ಲ ನೋಡಿದ ಮೇಲೆ ಮನೆಯವರನ್ನು ಒಳಗೆ ಕರೆದರು. "ಈಚೆಗೆ ಹಲ್ಲು ಏನಾದರೂ ಕೀಳಿಸಿದ್ರಾ? ಎಲ್ಲಿ ಕೀಳಿಸಿದ್ರಿ?"

ರಂಗಸ್ವಾಮಿ ಪೆದ್ದನ ಹಾಗೆ ಮೊಬೈಲು ತೆಗೆದು ಆ ವಿಡಿಯೋ ಹಾಕಿಬಿಟ್ಟ. ಕೋಣೆಯಲ್ಲೆಲ್ಲ ರೊಪ್ಪದ ನಗು ತುಂಬಿತು. 'ಅಣ್ಣ, ಒಂದ್ಸಲ ಬ್ಯಾ ಅನ್ನು.' ಡಾಕ್ಟರಮ್ಮ ಪೂರ್ತಿ ನೋಡಿದರು. "ಹಿಂದಕ್ಕೆ ಹಾಕಿ" ಅಂದರು. ಮಾತ್ರೆ ನುಂಗಬೇಕು ಅಂತ ಚಿತ್ತಯ್ಯ ಕೂಗುವುದು ಮತ್ತೆ ಕೇಳಿಸಿತು.

"ಇವರು ಹೇಳಿದಾರಲ್ರೀ! ಇಷ್ಟು ಸ್ಪಷ್ಟವಾಗಿ ಹೇಳಿದಾರೆ."

"ಹಲ್ಲಿಗೂ ಹಾರ್ಟಿಗೂ ಏನ್ ಮೇಡಮ್ಮೋರೆ?" ಅಂದ ಮುದ್ದಣ್ಣ. ಅವತ್ತು ರೊಪ್ಪದಲ್ಲಿ ನಗಿಸಿದ ಮಾತು ಇಲ್ಲಿ ಯಾರನ್ನೂ ನಗಿಸಲಿಲ್ಲ.

"ನಮ್ಮೆಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಜೀವಾಣುಗಳಿರ್ತವೆ, ನೂರಾರು ಜಾತಿ. ಬಾಯಿ ಚೊಕ್ಕಟವಾಗಿದ್ದರೆ ಅವುಗಳ ಪಾಡಿಗೆ ಅವಿರ್ತವೆ, ಉಪಕಾರ ಮಾಡೋವೂ ಇವೆ. ಕೊಳೆ ಹಲ್ಲಿಗೆ ಅಂಟಿ ಗಟ್ಟಿಯಾದರೆ ಕೆಟ್ಟವು ಮೇಲುಗೈ ಆಗ್ತವೆ, ವಸಡು ಕೊಳೆಯುತ್ತೆ. ಕೊಳೆತ ವಸಡು ಅಂದ್ರೆ ತೆರೆದ ಗಾಯ. ಅಲ್ಲಿಂದ ರಕ್ತಕ್ಕೆ ಇಳೀತವೆ. ಒಳ್ಳೆ ಹಾರ್ಟ್ ಇದ್ದರೆ ರಕ್ತವೇ ಅವನ್ನ ಕೊಂದು ಹಾಕುತ್ತೆ. ಇವರದು ಮೊದಲೇ ಒರಟಾಗಿದ್ದ ಕವಾಟ. ಅಲ್ಲಿ ಕೂತು ಮನೆ ಕಟ್ಟಿದಾವೆ, ಕವಾಟ ತಿಂದಿದಾವೆ. ಅದರದೊಂದು ಚೂರು ಕಳಚಿ ಮಿದುಳಿಗೆ ಹೋಗಿದೆ. ಅದಕ್ಕೇ ಬಾಯಿ ಸೊಟ್ಟಗಾಗಿರೋದು."

"ಹಂಗಾದ್ರೆ ನಾನು ಕಿತ್ತಿದ್ರಿಂದ್ಲೇ ಅಂತ ಗ್ಯಾರಂಟಿ ಇಲ್ಲ ಅಲ್ವಾ?"

ಡಾಕ್ಟರಮ್ಮ ಅವನನ್ನೇ ನೋಡಿದರು. "ಇಲ್ಲ. ಅಂಥ ವಸಡಿದ್ದರೆ ಊಟ ಅಗಿಯುವಾಗಲೂ ಇಳೀತವೆ. ಹೀಗೆ ಗೊರಸಿನ ಇಕ್ಕಳ ಹಾಕಿ ಕಿತ್ತರೆ ಹಿಂಡು ಹಿಂಡೇ ಇಳೀತವೆ. ನೀವೇ ಅಂತ ಹೇಳಲಾರೆ, ನೀವಲ್ಲ ಅಂತಲೂ ಹೇಳಲಾರೆ. ಆದರೆ ಜ್ವರ ಬಂದ ಮೊದಲ ವಾರವೇ ಕರ್ಕೊಂಡು ಬಂದಿದ್ದರೆ ಉಳಿಸೋ ದಾರಿ ಇತ್ತು. ಇಷ್ಟು ದಿನ ಯಾಕೆ ತರಲಿಲ್ಲ?"

ಯಲ್ಲಕ್ಕ ತಮ್ಮನ ಅಂಗಿ ಜೇಬಿನ ಕಡೆ ನೋಡಿದಳು. ಬೀಗದ ಕೈ ಅಲ್ಲೇ ಇತ್ತು.

ಡಾಕ್ಟರಮ್ಮ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. "ನಿಮಗೆ ಶುಗರ್ ಇದೆಯಾ?"

"ಐತೆ. ಮಾತ್ರೆ ತಗಂಡ್ರೂ ಇಳಿಯಲ್ಲ."

"ಬಾಯಿ ತೆಗೀರಿ." ಟಾರ್ಚು ಬಿಟ್ಟು ನೋಡಿದರು. "ನಿಮ್ಮ ವಸಡೂ ಕೀವು ತುಂಬಿದೆ. ವಸಡು ಕೆಟ್ಟರೆ ಶುಗರ್ ಇಳಿಯಲ್ಲ, ಶುಗರ್ ಏರಿದರೆ ವಸಡು ಇನ್ನೂ ಕೆಡುತ್ತೆ. ಹಲ್ಲಿನ ಡಾಕ್ಟರಿಗೆ ತೋರಿಸಿಕೊಳ್ಳಿ. ಇಷ್ಟು ವಾಸನೆ ಬರ್ತಿದೆ, ಇಷ್ಟು ದಿನ ನಿಮಗೆ ಯಾರೂ ಹೇಳಲಿಲ್ವಾ?"

ಮುದ್ದಣ್ಣ ರಂಗಸ್ವಾಮಿಯ ಮುಖ ನೋಡಿದ. ಅವನು ನೆಲ ನೋಡಿದ. ಮುದ್ದಣ್ಣ ಅಕ್ಕನ ಮುಖ ನೋಡಿದ.

"ಎಲ್ಲರಿಗೂ ಗೊತ್ತೈತೆ" ಅಂದಳು ಯಲ್ಲಕ್ಕ. "ಕಾಟಮ್ಮ ನಿನ್ನ ಕಡೆ ಬೆನ್ನು ಮಾಡಿ ಯಾಕೆ ಮಲಗ್ತಾಳೆ ಅಂದ್ಕಂಡಿದ್ದೆ? ಹೇಳಿದ್ರೆ ತಣಿಗೆ ಬೀಸ್ತೀಯ ಅಂತ ಯಾರೂ ಹೇಳಿಲ್ಲ. ನಮ್ಮನೆಯವರಂತೂ, ಪಾಪ ಮುದ್ದಣ್ಣ ನೊಂದ್ಕಳ್ತಾನೆ ಅಂತ ನನ್ನ ಬಾಯನ್ನೂ ಮುಚ್ಚಿಸಿದ್ರು."

ಮುದ್ದಣ್ಣನಿಗೆ ಟೀ ಅಂಗಡಿ ಬೆಂಚು, ಸಂತೆ, ಪಂಕ್ತಿ, ಎಲ್ಲ ಒಂದೊಂದಾಗಿ ನೆನಪಾದವು. ಸರಿದು ಕೂತವರೆಲ್ಲ ತನ್ನ ಸಿಟ್ಟಿಗೆ ಹೆದರಿ ಸರಿದರು ಅಂತ ಇಷ್ಟು ವರ್ಷ ಹಿಗ್ಗಿದ್ದ.

ಬೈಗಿನ ಹೊತ್ತಿಗೆ ವಾರ್ಡಿನ ಒಳಗೆ ಬಿಟ್ಟರು. ಚಿತ್ತಯ್ಯ ಬಾಮೈದನನ್ನು ಗುರುತು ಹಿಡಿದ. ಮಾತು ಬಾರದು. ಸ್ವಾಧೀನವಿದ್ದ ಎಡಗೈ ಎತ್ತಿ, ಎರಡು ಬೆರಳು ಕತ್ತರಿಯ ಹಾಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದ. ಆಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡ. ಬರ್ತೀನಿ, ಉಳಿಸ್ಕಳಲ್ಲ. ಮುದ್ದಣ್ಣನಿಗೆ ತಿಳಿಯಿತು. ತಿಳಿಯದವನ ಹಾಗೆ ಕಿಟಕಿಯ ಕಡೆ ತಿರುಗಿ ನಿಂತ. ಚಿತ್ತಯ್ಯ ಆ ವಾರ ದಾಟಲಿಲ್ಲ.

ಮುಂದಿನ ವರ್ಷ ಉಣ್ಣೆ ಇಳಿಸುವ ಹೊತ್ತಿಗೆ ಮುದ್ದಣ್ಣನ ರೊಪ್ಪಕ್ಕೆ ಬರುವವರು ಕಮ್ಮಿಯಾದರು. ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಬೀಗರ ಮನೆ ಕೆಲಸ. ಸತ್ತವನ ಮುಯ್ಯಿಯನ್ನು ಅವನ ಮನೆಯವರು ಯಾರನ್ನಾದರೂ ಕಳಿಸಿ ತೀರಿಸುವುದು ಪದ್ಧತಿ. ಮುದ್ದಣ್ಣ ಅಕ್ಕನ ಮನೆಗೆ ಹೋದ. ಯಲ್ಲಕ್ಕ ಜಗಲಿಯ ಮೇಲೆ ಗಂಡನ ಕತ್ತರಿಗೆ ಎಣ್ಣೆ ಸವರುತ್ತಿದ್ದಳು.

"ರಂಗಸ್ವಾಮಿನ ನಾಳೆ ಕಳಿಸಕ್ಕ. ಒಂದು ದಿನ. ಚುಕ್ತಾ ಆಗ್ಲಿ."

"ಅವನು ಹೋಗ್ತೀನಿ ಅಂದ. ನಾನೇ ಬ್ಯಾಡ ಅಂದೆ."

"ಪದ್ಧತಿ ಗೊತ್ತಿಲ್ವಾ ನಿನಗೆ?"

"ಗೊತ್ತೈತೆ. ಅದು ತೀರಿದ್ರೆ, ನನಗೂ ಭಾವನಿಗೂ ಲೆಕ್ಕ ಮುಗೀತು ಅಂತ ಊರ ತುಂಬ ಹೇಳ್ಕಂಡು ಆರಾಮಾಗಿ ಉಣ್ತೀಯ. ಮುಗೀಬಾರದು ಅದು. ನೀನು ಸಾಯೋ ತನಕ ಕೇಳ್ತಾ ಇರು, ನಾನು ಸಾಯೋ ತನಕ ಕೊಡಲ್ಲ."

"ಹಂಗಾದ್ರೆ ಬಿಟ್ಟೆ ಹೋಗು! ನನಗೇನೂ ಬ್ಯಾಡ ಆ ಮುಯ್ಯಿ."

"ಬಿಡಕ್ಕೆ ನೀನ್ಯಾರೋ? ಉಳಿಸ್ಕಳಲ್ಲ ಅಂತ ಅವರು ಬೆರಳಲ್ಲಿ ಆಣೆ ಮಾಡಿದ್ದು ನಿನ್ನ ಮುಂದೇನೇ." ಯಲ್ಲಕ್ಕ ಸೆರಗಿನ ತುದಿ ಮೂಗಿಗೆ ಹಿಡಿದುಕೊಂಡಳು. "ಅಷ್ಟು ಹತ್ರ ನಿಂತು ಮಾತಾಡಬ್ಯಾಡ. ಗಾಳಿ ಈ ಕಡೆಗೆ ಬೀಸ್ತೈತೆ, ಆ ಕಡೆ ಹೋಗಿ ನಿಂತ್ಕಾ."

ಮುದ್ದಣ್ಣ ಕೈ ಎತ್ತಿದ. ಅಕ್ಕ ಕೂತ ಜಾಗದಿಂದ ಅಲ್ಲಾಡಲಿಲ್ಲ, ಕತ್ತರಿಯನ್ನೂ ಕೆಳಗಿಡಲಿಲ್ಲ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ವಾಪಸು ಬಂದ.

ಈಗ ಅವನ ಎಡಗಡೆಯ ದವಡೆ ಹಲ್ಲು ಅಲ್ಲಾಡುತ್ತದೆ. ನಾಲಿಗೆಯಲ್ಲಿ ತಳ್ಳಿದರೆ ಆ ಕಡೆ, ಬಿಟ್ಟರೆ ಈ ಕಡೆ. ಕಾಟಮ್ಮ ದುರ್ಗಕ್ಕೆ ಹೋಗಾಣ ಅನ್ನುತ್ತಾಳೆ, ಇಕ್ಕಳ ಹಿಡಿದ ಕೈ ಯಾರದಾದರೂ ಇವನು ಹೆದರುತ್ತಾನೆ, ಹೆದರುತ್ತೇನೆ ಅಂತ ಹೇಳುವುದಿಲ್ಲ, ರೇಗುತ್ತಾನೆ. ಟೀ ಅಂಗಡಿಗೆ ಬರುವುದನ್ನು ಬಿಟ್ಟಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬನೇ ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭಾವ ಒಂದು ದಿನ ಉಳಿಸಿಕೊಂಡು ಹೋದ ಅಂತ ಬೈಯುತ್ತಾನೆ. ಆ ಕತ್ತರಿ ಎಣ್ಣೆ ಕುಡಿದು ಯಲ್ಲಕ್ಕನ ಜಗಲಿಯ ಗೂಡಿನಲ್ಲಿ ಹರಿತವಾಗಿಯೇ ಐತೆ. ಆ ಒಂದು ದಿನ ಇವತ್ತಿಗೂ ತೀರಿಲ್ಲ.